ಅತ್ತೆಯ ಹಂದಿ ರೂಪಾಯಿ

ಹಾಸನದ ಬಳಿಯ ದುದ್ದ ನಮ್ಮ ಸೋದರತ್ತೆಯ ಊರು. ಹೆಸರು ಕೇಳಿದವರು ‘ದುಡ್ಡೇ?’ ಎಂದು ನಗುವುದುಂಟು. ನಾಣ್ಯ ಸಂಗ್ರಹದ ಗೀಳು ಹಿಡಿದಿದ್ದ ನಾನು ದುಡ್ಡಿನ ವಿಷಯದಲ್ಲಿ ಬುದ್ಧಿ ಕಲಿತದ್ದೂ ಆ ಊರಿನಲ್ಲಿಯೇ.

ಸಂಗ್ರಾಹಕನಿಗೆ ಬೆಲೆಪಟ್ಟಿಯ ಪುಸ್ತಕವೆಂದರೆ ಜೋಯಿಸರಿಗೆ ಪಂಚಾಂಗವಿದ್ದಂತೆ. ಅಮೆರಿಕದ ಕ್ರೌಸ್ ಮತ್ತು ಮಿಶ್ಲರ್ ಎಂಬ ಇಬ್ಬರು 1972ರಲ್ಲಿ ಜಗತ್ತಿನ ನಾಣ್ಯಗಳಿಗೆಲ್ಲ ಒಂದು ಪಟ್ಟಿಯನ್ನು ಮೊದಲು ಹೊರತಂದರು. ಅದರ ಮುಂದಿನ ಆವೃತ್ತಿಯೊಂದರ ಹಳೆಯ ಪ್ರತಿ ನನ್ನ ಕೈಸೇರಿತ್ತು. ನಾಣ್ಯದ ಚಿತ್ರ, ಇಸವಿ, ಲೋಹ, ತೂಕ. ಅದರ ಮುಂದೆ ಸಾಲಾಗಿ ಅಂಕಣಗಳಲ್ಲಿ ಬೆಲೆ. ದಲೈಬಾಮೆಯಷ್ಟು ದಪ್ಪದ ಆ ಗ್ರಂಥವನ್ನು ಬಗಲಲ್ಲಿಟ್ಟುಕೊಂಡು ತಿರುಗುವಾಗ ನನಗೆ ನಾನೇ ಪಂಡಿತನಾಗಿ ಕಾಣುತ್ತಿದ್ದೆ.

ಒಂದು ಬೇಸಗೆಯಲ್ಲಿ ಅತ್ತೆ ತಮ್ಮ ಪೆಟ್ಟಿಗೆಯಿಂದ ಬೆಳ್ಳಿಯ ರೂಪಾಯಿಯೊಂದನ್ನು ತೆಗೆದು ತೋರಿಸಿದರು. ಅವರ ಅಜ್ಜಿಯ ಸರದಲ್ಲಿ ಪದಕವಾಗಿದ್ದದ್ದು. ಒಂದು ಕಡೆ ಐದನೆಯ ಜಾರ್ಜ್ ದೊರೆ, ಇನ್ನೊಂದು ಕಡೆ 1911ರ ಇಸವಿ. ನನ್ನ ಎದೆ ಹಾರಿತು. ಆ ವರ್ಷದ ರೂಪಾಯಿಯಲ್ಲಿ ದೊರೆಯ ನಿಲುವಂಗಿಯ ಮೇಲಿನ ಪುಟ್ಟ ಆನೆ ಸೊಂಡಿಲು ಗಿಡ್ಡವಾಗಿ ಹಂದಿಯಂತೆ ಕಂಡಿತಂತೆ. ಜನರಿಂದ ಆಕ್ಷೇಪಣೆ ಬಂದು, ಟಂಕಿಸಿದ್ದರಲ್ಲಿ ಬಹುಭಾಗವನ್ನು ಸರ್ಕಾರ ಕರಗಿಸಿತು. 1912ರಲ್ಲಿ ಆನೆಯನ್ನು ತಿದ್ದಿ ಹೊಸ ಅಚ್ಚು ಮಾಡಿತು. ನಾನು ಪುಸ್ತಕ ತೆರೆದು, ಅಂಕಣಗಳ ಕಟ್ಟಕಡೆಯಲ್ಲಿದ್ದ ಬೆಲೆಯನ್ನು ಡಾಲರಿನಿಂದ ರೂಪಾಯಿಗೆ ತಿರುಗಿಸಿ, ಗಟ್ಟಿಯಾಗಿ ಓದಿಬಿಟ್ಟೆ.

“ಹಾಗಾದರೆ ಮಳೆಗಾಲಕ್ಕೆ ಮುಂಚೆ ಹೆಂಚು ಬದಲಾಯಿಸಿಬಿಡಬಹುದು, ಅಲ್ಲವೇನೋ ಮಗೂ?” ಎಂದರು ಅತ್ತೆ.

“ಧಾರಾಳವಾಗಿ ಅತ್ತೆ!” ಎಂದೆ. ಅವರು ಮರುದಿನವೇ ಬಡಗಿಗೆ ಮುಂಗಡ ಕೊಟ್ಟರು. ನಾನಾದರೋ ನಾಣ್ಯವನ್ನು ಹುಣಿಸೆಹಣ್ಣು ಹಾಕಿ ತಿಕ್ಕಿ ಫಳಫಳ ಹೊಳೆಯುವಂತೆ ಮಾಡಿ ಬೆಂಗಳೂರಿಗೆ ಒಯ್ದೆ.

ಅಲ್ಲಿನ ನಾಣ್ಯದ ವರ್ತಕರೊಬ್ಬರು ಭೂತಗನ್ನಡಿಯಲ್ಲಿ ನೋಡಿ ನಿಟ್ಟುಸಿರುಬಿಟ್ಟರು. “ಸ್ವಾಮಿ, ತಾವು ಓದಿದ್ದು ಟಂಕಸಾಲೆಯಿಂದ ಬಂದಮೇಲೆ ಕೈಯಿಂದ ಕೈಗೆ ಓಡಾಡದ ನಾಣ್ಯದ ಬೆಲೆ. ಇದರ ನೆತ್ತಿಯ ಮೇಲೆ ಕೊಂಡಿ ಬೆಸೆದ ಕಲೆಯಿದೆ, ಮುಖ ಸವೆದಿದೆ. ಉಳಿದಿದ್ದ ಹಳೆಯ ಬಣ್ಣವನ್ನೂ ಯಾರೋ ಪುಣ್ಯಾತ್ಮರು ತಿಕ್ಕಿ ತೆಗೆದಿದ್ದಾರೆ.” ಆ ಪುಣ್ಯಾತ್ಮ ತಲೆ ತಗ್ಗಿಸಿ ಕುಳಿತಿದ್ದ. “ಅದೂ ಅಲ್ಲದೆ ಪುಸ್ತಕದ ಬೆಲೆ ಅಂಗಡಿಯವನು ಮಾರುವ ಬೆಲೆ, ಕೊಳ್ಳುವ ಬೆಲೆಯಲ್ಲ” ಎಂದರು. ಅವರು ಹೇಳಿದ ಮೊತ್ತ, ರೂಪಾಯಿಯಲ್ಲಿರುವ ಸುಮಾರು 10.7 ಗ್ರಾಂ ಶುದ್ಧ ಬೆಳ್ಳಿಯ ಬೆಲೆಗಿಂತ ತುಸು ಹೆಚ್ಚು, ಅಷ್ಟೆ.

ಅಂದು ರಾತ್ರಿ ಪುಸ್ತಕದ ಪೀಠಿಕೆಯನ್ನು ಮೊದಲ ಬಾರಿಗೆ ಓದಿದೆ. ಈ ಶಾಸ್ತ್ರದಲ್ಲಿ ‘ಗುಡ್’ ಎಂದರೆ ಚೆನ್ನಾಗಿದೆಯೆಂದಲ್ಲ, ಬಹಳ ಸವೆದಿದೆ ಎಂದರ್ಥ! ‘ಫೈನ್’ ಕೂಡ ಸಾಧಾರಣವೇ. ನೋಡಿದ ಮಾತ್ರಕ್ಕೆ ತಿಳಿಯುವ ಇಂಗ್ಲಿಷ್ ಶಬ್ದಗಳನ್ನು ತಿಳಿದುಕೊಳ್ಳದೆ ಹೋಗಿದ್ದೆ.

ಆದರೆ ಅತ್ತೆಗೆ ಹೇಳುವ ಧೈರ್ಯ ಬರಲಿಲ್ಲ. ನಾಣ್ಯವನ್ನು ಜೇಬಿನಲ್ಲಿಟ್ಟುಕೊಂಡು, ನನ್ನ ಉಳಿತಾಯದ ಹಣವನ್ನೇ ಅವರ ಕೈಗಿತ್ತು, “ಪುಸ್ತಕದ ಬೆಲೆಯೇ ಬಂತು” ಎಂದೆ. ಮನೆಗೆ ಹೊಸ ಹೆಂಚು ಬಂತು. ನನ್ನ ಔದಾರ್ಯಕ್ಕೆ ನಾನೇ ಮೆಚ್ಚಿಕೊಂಡೆ.

ಮುಂದಿನ ಸಲ ದುದ್ದಕ್ಕೆ ಹೋದಾಗ ಜಗಲಿಯ ತುಂಬ ಜನ. ಒಬ್ಬರ ಕೈಯಲ್ಲಿ 1943ರ ತೂತಿನ ಕಾಸು. ಮತ್ತೊಬ್ಬರದು ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ, ಕನ್ನಡದಲ್ಲಿ ‘ಮಯಿಲಿ ಕಾಸು’ ಎಂದು ಅಚ್ಚಾಗಿರುವ ತಾಮ್ರದ ನಾಣ್ಯ. ಹಿಂದಿನ ಸಾಲಿನಲ್ಲಿದ್ದ ರೈತರೊಬ್ಬರು ಸವೆದ ಬೆಳ್ಳಿ ರೂಪಾಯಿಗಳ ಗಂಟನ್ನು ಬಿಚ್ಚಿ, “ಇವನ್ನು ನಂಬಿ ಮಗಳ ಲಗ್ನದ ಲೆಕ್ಕ ಹಾಕಿದೀನಿ ಸ್ವಾಮಿ. ಪುಸ್ತಕ ನೋಡಿ ಹೇಳಿ” ಎಂದರು.

ನಾಲಗೆ ಒಣಗಿತು. ಒಂದು ಮನೆಯ ಹೆಂಚಿಗಾಗಿ ಆಡಿದ ಸುಳ್ಳು ಇನ್ನೊಂದು ಮನೆಯ ಲಗ್ನಕ್ಕೆ ಹಬ್ಬಿತ್ತು. ಅಷ್ಟು ಜನರ ಎದುರಿಗೆ, ಅತ್ತೆಯ ಎದುರಿಗೆ, ನಡೆದದ್ದನ್ನೆಲ್ಲ ಹೇಳಿದೆ. ರೈತರು ಮಾತಾಡದೆ ಗಂಟು ಕಟ್ಟಿಕೊಂಡರು. ಲಗ್ನಕ್ಕೆ ಇನ್ನೂ ಕಾಲವಿತ್ತೆಂಬುದೊಂದೇ ನನಗುಳಿದ ಸಮಾಧಾನ.

ಜನರೆಲ್ಲ ಹೋದಮೇಲೆ ಅತ್ತೆ ಕೈಚಾಚಿದರು. “ನನ್ನ ರೂಪಾಯಿ ಕೊಡು. ನಿನ್ನ ಹಣ ಆಲೂಗೆಡ್ಡೆ ಕಿತ್ತ ಮೇಲೆ ತಗೋ.” ಬೇಡವೆಂದರೂ ಕೇಳಲಿಲ್ಲ, ಎರಡು ಬೆಳೆಗಳಲ್ಲಿ ಪೂರ್ತಿ ತೀರಿಸಿದರು. ಮಳೆ ಕಡಮೆಯಾದ ವರ್ಷ ಸ್ವಲ್ಪವೇ ಕೊಟ್ಟು, ಮಿಕ್ಕದ್ದನ್ನು ಗೋಡೆಯ ಮೇಲೆ ಇದ್ದಿಲಿನಿಂದ ಬರೆದಿಟ್ಟಿದ್ದರು.

ಈಗಲೂ ಬೆಲೆಯ ಪುಸ್ತಕ ನನ್ನ ಬಳಿಯಿದೆ. ಯಾವ ಅರಸನದು, ಯಾವ ಇಸವಿ, ತೂಕವೆಷ್ಟಿರಬೇಕು, ಇದು ಅಸಲಿಯೋ ನಕಲಿಯೋ ಎಂದು ನೋಡುವುದಕ್ಕೆ ಅದು ಒಳ್ಳೆಯ ಗೆಳೆಯ. ಯಾರಾದರೂ ಬೆಲೆ ಕೇಳಿದರೆ ಮೊದಲು ಎಡಗಡೆಯ ಅಂಕಣವನ್ನು ಓದುತ್ತೇನೆ. 1911ರ ರೂಪಾಯಿಯ ಸಾಲಿನ ಪಕ್ಕದಲ್ಲಿ ಮಾತ್ರ ಸೀಸದಕಡ್ಡಿಯಿಂದ ಬರೆದ ಮಾತೊಂದಿದೆ: ‘ಅತ್ತೆಯ ಪೆಟ್ಟಿಗೆಯಲ್ಲಿದೆ, ಮಾರಾಟಕ್ಕಿಲ್ಲ.’