ಆಟದ ಬಯಲಿನಲ್ಲಿ ಉಳಿದ ಜೀವಗಳು

ಜಾತ್ರೆಗೆ ಹೋದ ಮಕ್ಕಳ ಕಣ್ಣು ಮೊದಲು ಬೀಳುವುದು ತಿರುಗುವ ತೊಟ್ಟಿಲಿನ ಮೇಲೆ. ಅಂಥ ತೊಟ್ಟಿಲುಗಳದೇ ಒಂದು ಊರು ಅಮೆರಿಕದ ನ್ಯೂಯಾರ್ಕ್ ನಗರದ ದಕ್ಷಿಣ ತುದಿಯಲ್ಲಿ, ಅಟ್ಲಾಂಟಿಕ್ ಸಾಗರದ ದಂಡೆಯಲ್ಲಿದೆ. ಅದರ ಹೆಸರು ಕೋನಿ ಐಲ್ಯಾಂಡ್. ಹೆಸರಿಗೆ ದ್ವೀಪ; ಆದರೆ ನಡುವಿನ ತೊರೆಯ ಒಂದು ಭಾಗವನ್ನು ಮುಚ್ಚಿದ್ದರಿಂದ ಅದು ಎಂದೋ ನೆಲಕ್ಕೆ ಅಂಟಿಕೊಂಡಿದೆ.

1884ರಲ್ಲಿ ಲಾಮಾರ್ಕಸ್ ಥಾಮ್ಸನ್ ಇಲ್ಲಿ ಜಾರುವ ರೈಲೊಂದನ್ನು ಕಟ್ಟಿದರು. ಸವಾರಿಗೆ 5 ಸೆಂಟ್. ವೇಗ ಗಂಟೆಗೆ ಬರೀ 6 ಮೈಲಿ! ಆದರೂ ಜನ ಮುಗಿಬಿದ್ದರು. 1897ರಲ್ಲಿ ಸ್ಟೀಪಲ್‌ಚೇಸ್, 1903ರಲ್ಲಿ ಲೂನಾ ಪಾರ್ಕ್, 1904ರಲ್ಲಿ ಡ್ರೀಮ್‌ಲ್ಯಾಂಡ್ ತಲೆಯೆತ್ತಿದವು. ವಿದ್ಯುತ್ ದೀಪವೇ ಅಪರೂಪವಾಗಿದ್ದ ಆ ಕಾಲದಲ್ಲಿ ಲೂನಾ ಪಾರ್ಕಿನಲ್ಲಿ ಲಕ್ಷಾಂತರ ಬಲ್ಬುಗಳು ಬೆಳಗುತ್ತಿದ್ದವು. 1907ರಲ್ಲಿ ಸ್ಟೀಪಲ್‌ಚೇಸ್ ಸುಟ್ಟುಹೋದಾಗ ಮಾಲೀಕ ಜಾರ್ಜ್ ಟಿಲ್ಯೂ ಎದೆಗುಂದಲಿಲ್ಲ. ಹೊಗೆಯಾಡುತ್ತಿದ್ದ ಬೂದಿಯನ್ನು ತೋರಿಸಲು 10 ಸೆಂಟ್ ಟಿಕೆಟ್ ಇಟ್ಟರು!

1927ರ 'ಸೈಕ್ಲೋನ್' ಮರದ ಹಳಿಯ ರೋಲರ್ ಕೋಸ್ಟರ್. ಎತ್ತರ 85 ಅಡಿ. ಸರಪಳಿಯೊಂದು ಗಾಡಿಯನ್ನು ಮೊದಲ ದಿಬ್ಬದ ನೆತ್ತಿಗೆ ಎಳೆದು ಬಿಡುತ್ತದೆ. ಆಮೇಲೆ ಎಂಜಿನ್ನಿನ ಗೊಡವೆಯಿಲ್ಲ. ಪ್ರಚ್ಛನ್ನ ಶಕ್ತಿ ಚಲನ ಶಕ್ತಿಯಾಗುತ್ತದೆ, ಏರುವಾಗ ಮತ್ತೆ ಪ್ರಚ್ಛನ್ನ ಶಕ್ತಿಯಾಗುತ್ತದೆ. ಘರ್ಷಣೆಯಿಂದ ಒಂದಿಷ್ಟು ಶಕ್ತಿ ಪ್ರತಿ ಸಲವೂ ಶಾಖವಾಗಿ ಸೋರಿಹೋಗುವುದರಿಂದ ಮುಂದಿನ ಯಾವ ದಿಬ್ಬವೂ ಮೊದಲನೆಯದನ್ನು ಮೀರುವಂತಿಲ್ಲ.

ಆದರೆ ಇಲ್ಲಿಯ ಅತಿ ದೊಡ್ಡ ಅಚ್ಚರಿ ತೊಟ್ಟಿಲೂ ಅಲ್ಲ, ರೈಲೂ ಅಲ್ಲ. ಅದು ಅವಧಿಗೆ ಮುನ್ನ ಹುಟ್ಟಿದ ಹಸುಗೂಸುಗಳ ಒಂದು ಕೋಣೆ! ಅಂಥ ಕೂಸಿನ ಚರ್ಮದಡಿ ಕೊಬ್ಬು ಕಡಿಮೆ. ತೂಕಕ್ಕೆ ಹೋಲಿಸಿದರೆ ಮೈಯ ಹೊರಮೈ ಹೆಚ್ಚು. ಹಾಗಾಗಿ ಶಾಖ ಬೇಗನೆ ಹೊರಟುಹೋಗುತ್ತದೆ. ಬೆಚ್ಚಗಿನ ಗಾಜಿನ ಪೆಟ್ಟಿಗೆ, ಅಂದರೆ ಇನ್‌ಕ್ಯುಬೇಟರ್, ಅದನ್ನು ಕಾಪಾಡಬಲ್ಲದು. ಆದರೆ ಅಂದಿನ ಬಹುತೇಕ ಆಸ್ಪತ್ರೆಗಳಲ್ಲಿ ಅದು ಇರಲಿಲ್ಲ. 'ಬದುಕುವ ಕೂಸಲ್ಲ' ಎಂದು ಕೈಚೆಲ್ಲುತ್ತಿದ್ದರು.

ಮಾರ್ಟಿನ್ ಕೌನಿ ಎಂಬವರು 1903ರಿಂದ 1943ರವರೆಗೆ ಕೋನಿ ಐಲ್ಯಾಂಡಿನಲ್ಲಿ ಈ ಕೂಸುಗಳನ್ನು ಸಾಕಿದರು. ನೋಡಲು ಬಂದವರು ಹಣ ಕೊಡುತ್ತಿದ್ದರು. ಆ ಹಣದಲ್ಲೇ ದಾದಿಯರ ಸಂಬಳ, ಆರೈಕೆಯ ಖರ್ಚು ನಡೆಯುತ್ತಿತ್ತು. ತಂದೆತಾಯಿಗಳಿಂದ ಒಂದು ಕಾಸೂ ಪಡೆಯುತ್ತಿರಲಿಲ್ಲ. 1911ರಲ್ಲಿ ಡ್ರೀಮ್‌ಲ್ಯಾಂಡ್ ಹೊತ್ತಿ ಉರಿದಾಗ ಅಲ್ಲಿದ್ದ ಕೂಸುಗಳನ್ನೆಲ್ಲ ಹೊರತಂದು ಉಳಿಸಲಾಯಿತು. ಕೌನಿಯವರ ಪ್ರದರ್ಶನಗಳಲ್ಲಿ ಒಟ್ಟು ಸುಮಾರು 6,500 ಶಿಶುಗಳು ಬದುಕಿದವೆಂದು ಅಂದಾಜು.

ಅವರಿಗೆ ವೈದ್ಯ ಪದವಿ ಇತ್ತೆಂಬುದಕ್ಕೆ ದಾಖಲೆ ಸಿಕ್ಕಿಲ್ಲ. ಹಸುಗೂಸುಗಳನ್ನು ಟಿಕೆಟ್ ಇಟ್ಟು ತೋರಿಸುವುದು ಸರಿಯೇ ಎಂಬ ಪ್ರಶ್ನೆಯೂ ಸಣ್ಣದಲ್ಲ. ಆದರೆ ಸರಿ-ತಪ್ಪುಗಳ ತೀರ್ಪಿಗಾಗಿ ಕಾಯುವಷ್ಟು ಸಮಯ ಆ ಕೂಸುಗಳಿಗಿರಲಿಲ್ಲ. 1943ರಲ್ಲಿ ನ್ಯೂಯಾರ್ಕಿನ ಆಸ್ಪತ್ರೆಯೊಂದು ಇಂಥ ಶಿಶುಗಳಿಗೆಂದೇ ವಿಭಾಗ ತೆರೆದ ಮೇಲೆ ಕೌನಿ ತಮ್ಮ ಬಾಗಿಲು ಮುಚ್ಚಿದರು.

ಸೈಕ್ಲೋನ್ ಇಂದಿಗೂ ಓಡುತ್ತಿದೆ, ಮಕ್ಕಳು ಕಿರುಚುತ್ತಾರೆ. ಹಿಂದೊಮ್ಮೆ ಅದೇ ಗದ್ದಲದ ನಡುವೆ ಅಂಗೈಯಗಲದ ಜೀವಗಳು ಗಾಜಿನ ಪೆಟ್ಟಿಗೆಯಲ್ಲಿ ಸದ್ದಿಲ್ಲದೆ ಉಸಿರಾಡುತ್ತಿದ್ದವು.