ಮನೆಯಲ್ಲೇ ಕಲಿಯುತ್ತಿದ್ದೇವೆ



ಡಿಗ್ರಿ ಮುಗಿಸಿ ಕೆಲಸವಿಲ್ಲದೆ ಇರುವವರಿಗೆ ಭಾನುವಾರ ಪೂಜೆ ಬಿಟ್ಟ ಮೇಲಿನ ಹತ್ತು ನಿಮಿಷ ಇಡೀ ವಾರಕ್ಕಿಂತ ಉದ್ದ. "ಈಗ ಎಂಥ ಮಾಡ್ತಾ ಇದ್ದಿ?" ಎಂದು ಎಲ್ಲರೂ ಪ್ರೀತಿಯಿಂದಲೇ ಕೇಳುತ್ತಾರೆ. ಕಂಪ್ಯೂಟರ್ ಕಲಿಯುತ್ತಿದ್ದೇವೆ ಎಂದರೆ, "ಹೌದಾ, ಮಂಗಳೂರಲ್ಲಾ?" ಅಲ್ಲ, ಮನೆಯಲ್ಲೇ. ಅಲ್ಲಿಗೆ ಮಾತು ಅಡಿಕೆ ರೇಟಿಗೆ ತಿರುಗುತ್ತದೆ.

ನಾವು ನಾಲ್ವರು. ಇಬ್ಬರು ಬಿಎಸ್ಸಿ, ಇಬ್ಬರು ಬಿಕಾಂ. ಕಾಸರಗೋಡಿನ ಈ ಒಳಊರಿನಿಂದ ದಿನಾ ಮಂಗಳೂರಿಗೆ ಹೋಗಿಬರುವ ಖರ್ಚು, ಅದರ ಮೇಲೆ ಕೋರ್ಸಿನ ಫೀಸು. ಇದನ್ನು ಮನೆಯಲ್ಲಿ ಕೇಳುವುದು ಹೇಗೆ? ನಾಲ್ವರಿಗೆ ಸೇರಿ ಎರಡು ಲ್ಯಾಪ್‌ಟಾಪು. ಅದರಲ್ಲೊಂದು ಸೆಕೆಂಡ್ ಹ್ಯಾಂಡ್, ವಿಂಡೋಸ್ ತೆರೆಯುವಷ್ಟರಲ್ಲಿ ಒಂದು ಚಹಾ ಮುಗಿಯುತ್ತಿತ್ತು. ಅದಕ್ಕೆ ಉಬುಂಟು ಹಾಕಿದೆವು. ಕೇರಳದ ಶಾಲೆಗಳಲ್ಲಿ ಐಟಿ ಪಾಠ ನಡೆಯುವುದೇ ಉಬುಂಟುವಿನಲ್ಲಿ, ಹಾಗಾಗಿ ಹಳೇ ಪರಿಚಯ ಕೈಹಿಡಿಯಿತು. ಎಕ್ಸೆಲ್ ಬದಲು ಲಿಬ್ರೆಆಫೀಸ್ ಕ್ಯಾಲ್ಕ್, ಅದಕ್ಕೆ ದುಡ್ಡಿಲ್ಲ.

ಪಾಠಗಳಿಗೂ ಕೊರತೆಯಿಲ್ಲ. ಸ್ವಯಂ ಪೋರ್ಟಲಿನಲ್ಲಿ ಕಲಿಯುವುದು ಉಚಿತ, ಪರೀಕ್ಷೆ ಬರೆದು ಸರ್ಟಿಫಿಕೇಟ್ ಬೇಕಾದರೆ ಮಾತ್ರ ಶುಲ್ಕ. ಆದರೆ ವೀಡಿಯೊ ನೋಡುವಾಗ ಎಲ್ಲವೂ ತಿಳಿಯುತ್ತದೆ, ಖಾಲಿ ಶೀಟ್ ತೆರೆದರೆ ಕೈ ಓಡುವುದಿಲ್ಲ. ಅಲ್ಲಿ ಕೊಡುವ ಲೆಕ್ಕಗಳೆಲ್ಲ ಯಾವುದೋ ಕಂಪೆನಿಯ ಯಾರದೋ ಸಂಬಳದ್ದು. ನಮಗೆ ಸಂಬಳವೇ ಇಲ್ಲ! ಅದಕ್ಕೆ ಮೊದಲು ಕೈಗೆತ್ತಿಕೊಂಡದ್ದು ಒಬ್ಬರ ಅಮ್ಮನ ಕುಟುಂಬಶ್ರೀ ಪುಸ್ತಕ. ವಾರದ ಉಳಿತಾಯ, ಸಾಲ, ಬಡ್ಡಿ. ಅಮ್ಮ ಅರ್ಧ ದಿನ ಕೂತು ಕೂಡಿಸುತ್ತಿದ್ದ ಮೊತ್ತ ಒಂದು ಸೂತ್ರದಲ್ಲಿ ಬಂತು. ಅವರು ಆದರೂ ಪೆನ್ಸಿಲಿನಲ್ಲಿ ಇನ್ನೊಮ್ಮೆ ಕೂಡಿಸಿ ನೋಡಿದರು. ಸರಿಯಿತ್ತು.

ಆಮೇಲೆ ಫಾದರ್ ವಾಳೆವಾರು ಕುಟುಂಬಗಳ ಪಟ್ಟಿ ಮಾಡಿಕೊಡಲು ಹೇಳಿದರು. ನಿಜವಾದ ಪಾಠ ಶುರುವಾದದ್ದು ಅಲ್ಲಿ. ಹಳೆಯ ಫೈಲು ನುಡಿಯ ಹಳೇ ಫಾಂಟಿನಲ್ಲಿತ್ತು. ಮೊಬೈಲಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳಿಗೆ ಕೊಂಬು ಮೂಡಿದ ಹಾಗೆ ಕಾಣುತ್ತಿತ್ತು. ಆ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ್ದವು. ಫಾಂಟ್ ಇಲ್ಲದ ಕಡೆ ಒಳಗಿನದು ಹೊರಗೆ ಬೀಳುತ್ತದೆ. ಯೂನಿಕೋಡಿನಲ್ಲಿ ಹಾಗಲ್ಲ, ಕನ್ನಡದ ಪ್ರತಿ ಅಕ್ಷರಕ್ಕೂ ಅದರದೇ ಸಂಖ್ಯೆ. 'ಕ' ಎಂದರೆ ಯಾವ ದೇಶದ ಕಂಪ್ಯೂಟರಿನಲ್ಲೂ 3221. ಪರಿವರ್ತಿಸುವ ತಂತ್ರಾಂಶ ಸಿಕ್ಕಿತು, ಆದರೆ ಅರ್ಕಾವತ್ತು ಅದರ ಕೈಗೆ ಸರಿಯಾಗಿ ಸಿಗಲಿಲ್ಲ. ಬರ್ನಾಡ್, ಮಾರ್ಟಿನ್, ಮರ್ಸಿ ಎಲ್ಲರನ್ನೂ ಒಬ್ಬೊಬ್ಬರಾಗಿ ಕಣ್ಣಾರೆ ನೋಡಿ ಸರಿಮಾಡಿದೆವು.

ಅದು ಮುಗಿಯಿತು ಎನ್ನುವಾಗ ಡಿಸೋಜರ ಸರದಿ. ಡಿಸೋಜ, ಡಿಸೋಜಾ, ಡಿ'ಸೋಜ, ಡಿ ಸೋಜಾ. ಒಂದೇ ಮನೆಯ ಅಣ್ಣತಮ್ಮಂದಿರು ಎರಡು ಥರ ಬರೆಯುತ್ತಾರೆ! ಎರಡು ಪಟ್ಟಿಗಳನ್ನು ವಿ-ಲುಕಪ್‌ನಿಂದ ಹೊಂದಿಸಲು ಹೋದರೆ ಅರ್ಧದಷ್ಟು ಹೆಸರು ಇಲ್ಲವೇ ಇಲ್ಲ ಎಂದಿತು. ಹೆಸರಿನ ಕೊನೆಯಲ್ಲಿ ಕಣ್ಣಿಗೆ ಕಾಣದ ಒಂದು ಸ್ಪೇಸ್ ಇದ್ದರೂ ಸಾಕು, ಅದಕ್ಕೆ ಆತ ಬೇರೆ ಮನುಷ್ಯ. ಟ್ರಿಮ್ ಸೂತ್ರ ಅಂಥ ಸ್ಪೇಸ್ ತೆಗೆಯುತ್ತದೆ, ಕಾಗುಣಿತ ತಿದ್ದುವುದಿಲ್ಲ. ದಾರಿ ತೋರಿಸಿದವರು ನಮ್ಮ ವಾಳೆಯ ಗುರ್ಕಾರರು. "ಹೆಸರು ಹಿಡಿದು ಹೋದ್ರೆ ಸಿಕ್ಕುದಿಲ್ಲ ಮಕ್ಕಳೇ, ನಮ್ಮದೆಲ್ಲ ಮನೆ ಲೆಕ್ಕ" ಎಂದರು. ಪ್ರತಿ ಮನೆಗೆ ಒಂದು ನಂಬರು ಕೊಟ್ಟೆವು, ಎಲ್ಲ ಪಟ್ಟಿಗಳಲ್ಲೂ ಅದೇ ನಂಬರು. ಡೇಟಾಬೇಸ್ ಪಾಠದಲ್ಲಿ ಪ್ರೈಮರಿ ಕೀ ಎಂದು ಮೂರು ಸಲ ಕೇಳಿದ್ದೆವು. ಅರ್ಥವಾದದ್ದು ಅವರ ಜಗಲಿಯಲ್ಲಿ. (ಪಟ್ಟಿಯಲ್ಲಿ ಫೋನ್ ನಂಬರುಗಳೂ ಇವೆ. ದಯವಿಟ್ಟು ಗ್ರೂಪಿನಲ್ಲಿ ಕೇಳಬೇಡಿ, ಹಾಕುವುದಿಲ್ಲ.)

ಇಷ್ಟೆಲ್ಲದರಲ್ಲಿ ಕಂಪ್ಯೂಟರ್ ಕಷ್ಟವಲ್ಲ, ಮನೆಯಲ್ಲಿರುವುದು ಕಷ್ಟ. ಮನೆಯಲ್ಲಿದ್ದಾರೆ ಎಂದರೆ ಬಿಡುವಾಗಿದ್ದಾರೆ ಎಂದೇ ಲೆಕ್ಕ. ಅಡಿಕೆ ಹೆಕ್ಕಲು, ಗ್ಯಾಸ್ ತರಲು, ರೇಷನ್ನಿಗೆ ನಾವೇ. ಅದರಲ್ಲಿ ತಪ್ಪೇನಿಲ್ಲ, ಉಣ್ಣುವುದು ಅದೇ ಮನೆಯ ಅನ್ನ. ಒಬ್ಬರ ನೆಟ್ ರೀಚಾರ್ಜ್ ಆಗುವುದು ಕುವೈತಿನಲ್ಲಿರುವ ಅಣ್ಣನ ದುಡ್ಡಿನಿಂದ, ಅವನ ಕರೆ ಬಂದಾಗ ಸ್ವರ ತಾನಾಗಿ ತಗ್ಗುತ್ತದೆ. ಆದರೆ ನಮ್ಮಲ್ಲಿರುವ ಒಬ್ಬಳೇ ಹುಡುಗಿಯ ಪಾಡು ಬೇರೆ. ಅವಳು ಲ್ಯಾಪ್‌ಟಾಪ್ ತೆರೆದರೆ ಯಾರಾದರೂ ನೆಂಟರು, ಯಾವುದಾದರೂ ಪಾತ್ರೆ, ಇಲ್ಲವಾದರೆ ಒಂದು ಮದುವೆ ಸಂಬಂಧದ ಮಾತು. "ಅವಳಿಗೆ ಇನ್ನು ಅದೆಲ್ಲ ಎಂತಕ್ಕೆ" ಎಂಬ ಮಾತು ಅವಳೆದುರೇ ಬಂದದ್ದುಂಟು. ಅದಕ್ಕೆ ನಾವು ತರಗತಿಯನ್ನು ಅವಳ ಮನೆಗೇ ಬದಲಾಯಿಸಿದೆವು, ಬೆಳಿಗ್ಗೆ 10ರಿಂದ 12.30. ಮೂವರು ಬಂದು ಎದುರು ಕೂತಿರುವಾಗ ಅವಳನ್ನು ಎಬ್ಬಿಸಲು ಮನೆಯವರಿಗೂ ಸಂಕೋಚ. ಅಲ್ಲಿ ರೇಂಜೂ ಚೆನ್ನಾಗಿದೆ. ಈಗ ಅವಳ ಅಪ್ಪ 10 ಗಂಟೆಗೆ ತಾವೇ ಟಿವಿ ಆರಿಸುತ್ತಾರೆ.

ನಮ್ಮ ಊರಿನವರಿಗೇ ಇರುವ ಇನ್ನೊಂದು ತೊಡಕು ಮಲಯಾಳ. ಕನ್ನಡ ಮಾಧ್ಯಮದಲ್ಲಿ ಓದಿದ ನಮಗೆ ಮಾತು ಬರುತ್ತದೆ, ಟೈಪಿಂಗ್ ಬರುವುದಿಲ್ಲ. ಅಕ್ಷಯ ಕೇಂದ್ರದಂಥ ಕಡೆ ಕೆಲಸ ಕೇಳಿದರೆ ಮೊದಲು ಕೇಳುವುದೇ ಅದನ್ನು. ಇನ್‌ಸ್ಕ್ರಿಪ್ಟ್ ಕೀಲಿಮಣೆ ಕಲಿಯಿರಿ ಎನ್ನುತ್ತೇವೆ. ಅದರಲ್ಲಿ ಕನ್ನಡದ 'ಕ' ಇರುವ ಕೀಲಿಯಲ್ಲೇ ಮಲಯಾಳದ 'ಕ' ಕೂಡ ಇದೆ. ಬೆರಳಿಗೆ ಒಂದು ಭಾಷೆ ಕಲಿಸಿದರೆ ಇನ್ನೊಂದು ಮುಕ್ಕಾಲು ಪಾಲು ಬಂದಂತೆ.

ನಾಲ್ವರಲ್ಲಿ ಒಬ್ಬನಿಗೆ ಮಂಗಳೂರಿನಲ್ಲಿ ಕೆಲಸ ಸಿಕ್ಕಿದೆ. ಸಂಬಳ ದೊಡ್ಡದಲ್ಲ, ಬೆಳಗಿನ ರೈಲಿಗೆ ಹೋಗಿ ರಾತ್ರಿ ಬರುತ್ತಾನೆ. ಸಂದರ್ಶನದಲ್ಲಿ ಅವನು ತೋರಿಸಿದ್ದು ಹೆಸರು, ನಂಬರು ಎಲ್ಲ ತೆಗೆದ ಆ ವಾಳೆ ಪಟ್ಟಿಯನ್ನೇ. ಉಳಿದ ಮೂವರು ಇನ್ನೂ ಅರ್ಜಿ ಹಾಕುತ್ತಿದ್ದೇವೆ. ಈ ತಿಂಗಳು ಎಸ್‌ಕ್ಯೂಎಲ್ ಶುರು. ಒಂದು ಜಾಗ ಖಾಲಿಯಿದೆ, ಬರುವವರು ಬನ್ನಿ. ಎಕ್ಸ್‌ಟೆನ್ಶನ್ ಬೋರ್ಡ್ ಇದ್ದರೆ ತನ್ನಿ, ಅವರ ಜಗಲಿಯಲ್ಲಿ ಪ್ಲಗ್ ಒಂದೇ.