ಹೊಂಗೆ ಮರದಡಿ ನಿಂತಿದ್ದ ಟಿಟಿ

2020ರ ಮಾರ್ಚ್ 25ಕ್ಕೆ ಲಾಕ್‌ಡೌನ್ ಬಿತ್ತಲ್ಲ, ಅವತ್ತಿನಿಂದ ಯಲಹಂಕ, ಹೆಬ್ಬಾಳದ ಒಳರಸ್ತೆಗಳ ಖಾಲಿ ಸೈಟುಗಳಲ್ಲಿ ಹಳದಿ ಬೋರ್ಡಿನ ಗಾಡಿಗಳು ಸಾಲುಗಟ್ಟಿ ನಿಂತವು. ಏರ್‌ಪೋರ್ಟ್ ಬಾಡಿಗೆ ನಂಬಿಕೊಂಡವರವು, ಟೂರ್ ನಡೆಸುವವರವು, ಶಾಲೆ ಮಕ್ಕಳನ್ನು ಕರೆದೊಯ್ಯುವವರವು. ತೆರಿಗೆ ಕಟ್ಟಲಾಗದೆ ಎಷ್ಟೋ ಮಾಲೀಕರು ಆರ್‌ಟಿಒಗೆ ದಾಖಲೆ ಸರೆಂಡರ್ ಮಾಡಿ ಗಾಡಿ ನಿಲ್ಲಿಸಿಬಿಟ್ಟರು. 2021ರ ಏಪ್ರಿಲ್ ಕೊನೆಗೆ ಎರಡನೇ ಅಲೆ ಬಂದು ಊರು ಮತ್ತೆ ಮುಚ್ಚಿತು. ನಾನು ಬೇರೆಯವರ ಗಾಡಿ ಓಡಿಸುತ್ತಿದ್ದ ಡ್ರೈವರ್, ಕೆಲಸ ಹೋಯಿತು. ಬಾಡಿಗೆಗಳು ಮತ್ತೆ ಶುರುವಾದಾಗ ಹೊಸ ಗಾಡಿ ಕೊಳ್ಳುವ ತಾಕತ್ತು ನಮಗಿರಲಿಲ್ಲ. ಹೆಂಡತಿಯ ಒಡವೆ ಅಡವಿಟ್ಟರೆ ನಿಂತಿರುವ ಟೆಂಪೊ ಟ್ರಾವೆಲರ್ (ಟಿಟಿ) ಒಂದನ್ನು ಕೊಳ್ಳಬಹುದು ಅಂತ ಮನೆಯಲ್ಲಿ ಲೆಕ್ಕ ಹಾಕಿದೆವು.

ಸಿಕ್ಕಿದ್ದು ಯಲಹಂಕ ನ್ಯೂ ಟೌನ್ ಕಡೆ, ಹೊಂಗೆ ಮರದ ಕೆಳಗೆ. 2017ರ ಗಾಡಿ, ಡ್ರೈವರ್ ಬಿಟ್ಟು ಹನ್ನೆರಡು ಸೀಟು. ಅದನ್ನು ಓಡಿಸುತ್ತಿದ್ದ ಯಜಮಾನರು ಎರಡನೇ ಅಲೆಯಲ್ಲಿ ತೀರಿಕೊಂಡಿದ್ದರು. ಅವರ ಮನೆಯಾಕೆ ಕೀ ತಂದುಕೊಟ್ಟು, "ಸುಳ್ಳು ಹೇಳಲ್ಲಪ್ಪ, ಅವರು ಹೋದ ಮೇಲೆ ಇದನ್ನು ಯಾರೂ ಮುಟ್ಟಿಲ್ಲ" ಅಂದರು. ಮೀಟರಿನಲ್ಲಿ ಓಡಿದ್ದು ಕಡಿಮೆ. ಕಡಿಮೆ ಓಡಿದೆ ಅಂತ ಜನ ಹಿಗ್ಗುತ್ತಾರೆ. ಆದರೆ ನಿಂತ ಗಾಡಿಯ ಕಷ್ಟ ಮೀಟರಿನಲ್ಲಿ ಕಾಣುವುದಿಲ್ಲ.

ಆರ್.ಟಿ. ನಗರದಿಂದ ಪರಿಚಯದ ಮೆಕ್ಯಾನಿಕ್ ಒಬ್ಬರನ್ನು ಕರೆದೊಯ್ದೆ. ಅವರು ಇಂಜಿನ್ ಕಡೆ ತಿರುಗಿಯೂ ನೋಡದೆ ಚಾಸಿಸ್ ನಂಬರ್ ಮೇಲೆ ಬಿಳಿ ಕಾಗದ ಇಟ್ಟು ಪೆನ್ಸಿಲ್ ಉಜ್ಜಿದರು. ಅಕ್ಷರ ಒಂದೊಂದಾಗಿ ಎದ್ದು ಬಂದಮೇಲೆ ಆರ್‌ಸಿ ಜೊತೆ ತಾಳೆ ನೋಡಿ, "ಇದು ಸರಿ ಇದೆ, ಇನ್ನು ಮುಂದಿನದು" ಅಂದರು. ಟೈರಿನ ಗೋಡೆ ಮೇಲೆ 1817 ಅಂತಿತ್ತು. 2017ರ ಹದಿನೆಂಟನೇ ವಾರದ್ದು, ಅಂದರೆ ಗಾಡಿ ಜೊತೆಗೇ ಬಂದ ಟೈರು. ಟ್ರೆಡ್ಡಿನ ಗುಂಡಿ ಇನ್ನೂ ಆಳವಿತ್ತು, ಆದರೆ ಗೋಡೆ ತುಂಬ ಕೂದಲೆಳೆ ಬಿರುಕು. ನಾಲ್ಕೂ ಹೋದಂತೆಯೇ. ಏರ್ ಫಿಲ್ಟರ್ ಡಬ್ಬಿ ತೆಗೆದರೆ ಸೀಟಿನ ಸ್ಪಂಜು ಕಡಿದು ಕಟ್ಟಿದ ಇಲಿಗೂಡು. ಡ್ಯಾಶ್‌ಬೋರ್ಡ್ ಹಿಂದಿನ ವೈರುಗಳಲ್ಲಿ ತಾಮ್ರ ಬತ್ತಲಾಗಿತ್ತು. ಟ್ಯಾಂಕಿನ ಅಡಿಯಿಂದ ಒಂದಿಷ್ಟು ಡೀಸೆಲ್ ಗಾಜಿನ ಬಾಟಲಿಗೆ ಇಳಿಸಿ ಬಿಸಿಲಿಗೆ ಹಿಡಿದೆವು. ಮೇಲೆ ಡೀಸೆಲ್, ಕೆಳಗೆ ನೀರು, ನಡುವೆ ಕಪ್ಪು ಲೋಳೆ. ಅರ್ಧ ಖಾಲಿ ಟ್ಯಾಂಕಿನೊಳಗೆ ತೇವ ಇಳಿದು ನೀರಾಗುತ್ತದೆ, ಆ ನೀರಿನಲ್ಲಿ ಲೋಳೆ ಬೆಳೆಯುತ್ತದೆ. ಅದು ಪಂಪು, ಇಂಜೆಕ್ಟರಿಗೆ ಹೋದರೆ ದೊಡ್ಡ ಖರ್ಚು ಕೂತಿದೆ ಅಂತ ಅರ್ಥ.

ಬ್ಯಾಟರಿ ಹಾಕಿ ಸೆಲ್ಫ್ ಹೊಡೆದು ತೋರಿಸುತ್ತೇನೆ ಅಂತ ಆ ಮನೆಯ ಸಂಬಂಧಿಯೊಬ್ಬರು ಮುಂದೆ ಬಂದರು. ಮೆಕ್ಯಾನಿಕ್ ಕೈ ಅಡ್ಡ ಹಿಡಿದರು. ಗ್ಲೋ ಪ್ಲಗ್ ಬಿಚ್ಚಿ ಒಂದೊಂದು ಸಿಲಿಂಡರಿಗೂ ಚೂರು ಆಯಿಲ್ ಬಿಟ್ಟು, ರಾತ್ರಿಯಿಡೀ ಹಾಗೇ ಬಿಟ್ಟು, ಮರುದಿನ ಕ್ರ್ಯಾಂಕ್ ಪುಲ್ಲಿಗೆ ಪಾನಾ ಹಾಕಿ ಕೈಯಲ್ಲೇ ತಿರುಗಿಸಿದರು. ಮೊದಲು ಅಲುಗಲಿಲ್ಲ. ಆಮೇಲೆ ಕಾಲಿಂಚು, ಅರ್ಧ ಸುತ್ತು, ಕೊನೆಗೆ ಪೂರ್ತಿ ಸುತ್ತು ಬಂತು. ಆ ಪಾನಾ ಸುತ್ತು ಬಂದಾಗಲೇ ನಾನು ಗಾಡಿ ತೆಗೆದುಕೊಳ್ಳುವ ಮನಸ್ಸು ಮಾಡಿದ್ದು. ಬ್ರೇಕ್ ಬಿಚ್ಚಿ ನೋಡಬೇಕು ಅಂತ ಮೆಕ್ಯಾನಿಕ್ ಪಟ್ಟು ಹಿಡಿದರು. ದುಡ್ಡು ಕೈಗೆ ಬರುವ ಮುಂಚೆ ಚಕ್ರ ಬಿಚ್ಚಲು ಆ ಸಂಬಂಧಿ ಒಪ್ಪಲಿಲ್ಲ. ಬ್ರೇಕಿನ ಪೂರಾ ಖರ್ಚನ್ನು ಬೆಲೆಯಲ್ಲಿ ಕಳೆದು ಮಾತು ಮುಗಿಸಿದೆವು.

ಕಬ್ಬಿಣಕ್ಕಿಂತ ಕಾಗದ ಹೆಚ್ಚು ಸುಸ್ತು ಮಾಡಿಸಿತು. ಮಾಲೀಕರು ಇಲ್ಲವಾದ್ದರಿಂದ ಫಾರಂ 31ರಲ್ಲಿ ಗಾಡಿ ಮೊದಲು ಅವರ ಹೆಂಡತಿಯ ಹೆಸರಿಗೆ ಬರಬೇಕು, ಆಮೇಲೆ 29, 30ರಲ್ಲಿ ನನ್ನ ಹೆಸರಿಗೆ. ಸಾಲ ತೀರಿತ್ತು, ಆರ್‌ಸಿಯಲ್ಲಿ ಫೈನಾನ್ಸಿನ ಹೆಸರು ಮಾತ್ರ ಉಳಿದಿತ್ತು. ಅದನ್ನು ತೆಗೆಸಲು ಫಾರಂ 35, ಜೊತೆಗೆ ಅವರ ಎನ್‌ಒಸಿ. ಆ ಫೈನಾನ್ಸ್ ಕಚೇರಿ ಹಳೇ ವಿಳಾಸದಲ್ಲಿ ಇರಲಿಲ್ಲ, ಹುಡುಕಿದೆವು. ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಯಾವಾಗಲೋ ಮುಗಿದಿತ್ತು. ಕೋವಿಡ್ ಕಾಲಕ್ಕೆ ಕೇಂದ್ರ ಕೊಟ್ಟ ವಿನಾಯಿತಿ 2021ರ ಅಕ್ಟೋಬರ್ 31ಕ್ಕೆ ಕೊನೆಯಾಗಿ, ಅಲ್ಲಿಂದ ಮುಂದೆ ದಿನಕ್ಕೆ 50 ರೂಪಾಯಿ ಹೆಚ್ಚುವರಿ ಶುಲ್ಕ ಕೂಡುತ್ತಲೇ ಇತ್ತು. ಇತ್ತ ಒಡವೆಯ ಬಡ್ಡಿ ಏರುತ್ತಿತ್ತು. ಕಚೇರಿಯ ಬೆಂಚುಗಳ ಮೇಲೆ ಆ ತಾಯಿ ನನ್ನ ಜೊತೆ ಕೂತಿರುತ್ತಿದ್ದರು, ಗಂಡನ ಮರಣ ಪ್ರಮಾಣಪತ್ರವನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಿಡಿದು. ಪ್ರತಿ ಕೌಂಟರಿನಲ್ಲೂ ಅದನ್ನು ಹೊರತೆಗೆಯಬೇಕಿತ್ತು. ಅದನ್ನು ನೋಡುವುದೇ ನನಗೆ ದೊಡ್ಡ ಸಂಕಟ.

ಗಾಡಿಯನ್ನು ರಿಕವರಿ ವ್ಯಾನಿನ ಮೇಲೆ ಯಶವಂತಪುರಕ್ಕೆ ಸಾಗಿಸಿದೆವು. ಹಿಂದಿನ ಡ್ರಮ್ಮುಗಳಿಗೆ ಲೈನಿಂಗ್ ಅಂಟಿಕೊಂಡಿತ್ತು, ಬಡಿದು ಬಿಡಿಸಿದರು. ಟ್ಯಾಂಕ್ ತೊಳೆದು, ವೈರಿಂಗ್ ಎಳೆದು, ಟೈರ್ ಹಾಕಿ, ಬ್ರೇಕ್ ಸಿಲಿಂಡರ್ ಕಿಟ್ ಬದಲಿಸಿದರು. ವಿಮೆ ಮಾಡಿಸಿ, ಸ್ಪೀಡ್ ಗವರ್ನರ್ ಸರಿಮಾಡಿ, ರಿಫ್ಲೆಕ್ಟರ್ ಪಟ್ಟಿ ಅಂಟಿಸಿ ಎಫ್‌ಸಿ ಆಯಿತು.

ಆಮೇಲೆ ಮೆಕ್ಯಾನಿಕ್ ಜೊತೆ ಏರ್‌ಪೋರ್ಟ್ ಕಡೆ ಟ್ರಯಲ್‌ಗೆ ಹೊರಟೆ. ಹೆಬ್ಬಾಳ ದಾಟಿ ಎಲಿವೇಟೆಡ್ ರಸ್ತೆ ಹತ್ತಿದ ಮೇಲೆ ಗಾಡಿ ಎಡಕ್ಕೆ ಎಳೆಯತೊಡಗಿತು. ಸುಟ್ಟ ವಾಸನೆ. ಕನ್ನಡಿಯಲ್ಲಿ ನೋಡಿದರೆ ಎಡ ಮುಂಚಕ್ರದಿಂದ ಹೊಗೆ. ಅಲ್ಲಿ ನಿಲ್ಲಿಸಲು ಜಾಗವಿಲ್ಲ, ಹಿಂದೆ ವೋಲ್ವೊ ಬಸ್ಸು ಹಾರ್ನ್ ಹೊಡೆಯುತ್ತಿದೆ. ಪೆಡಲ್ ಮುಟ್ಟಿದರೆ ಹಿಡಿತ ಇನ್ನೂ ಹೆಚ್ಚುತ್ತದೆ ಅಂತ ಮೆಕ್ಯಾನಿಕ್ ಕೂಗಿದರು. ಎಮರ್ಜೆನ್ಸಿ ಲೈಟ್ ಹಾಕಿ, ಮೊದಲ ಗೇರಿನಲ್ಲಿ, ಬ್ರೇಕ್ ಒತ್ತದೆ ತೆವಳುತ್ತಾ ಬಂದು ಕೆಳಗಿಳಿದು ಸರ್ವಿಸ್ ರಸ್ತೆಯಲ್ಲಿ ಹ್ಯಾಂಡ್‌ಬ್ರೇಕ್ ಎಳೆದೆ. ಸ್ಟೀರಿಂಗ್ ಹಿಡಿದ ಬೆರಳು ಬಿಡಿಸಲು ಆಗಲಿಲ್ಲ.

ಮೆಕ್ಯಾನಿಕ್ ಜ್ಯಾಕ್ ಕೊಟ್ಟು ಬ್ರೇಕಿನ ಬ್ಲೀಡಿಂಗ್ ನಿಪ್ಪಲ್ ಚೂರು ಸಡಿಲಿಸಿದರು. ಬಿಸಿ ಆಯಿಲ್ ಚಿಮ್ಮಿತು, ಬಿಗಿದಿದ್ದ ಚಕ್ರ ಸಲೀಸಾಗಿ ತಿರುಗಿತು. ಎಲ್ಲ ಬ್ರೇಕ್ ಹೋಸಿನದೇ ಕಥೆ. ಹೊರಗೆ ಹೊಸದರಂತಿದ್ದ ರಬ್ಬರ್ ಒಳಗೆ ಊದಿಕೊಂಡಿತ್ತು. ಕಾಲಿನ ಒತ್ತಡಕ್ಕೆ ಆಯಿಲ್ ಚಕ್ರಕ್ಕೆ ಹೋಗುತ್ತದೆ, ಬಿಸಿಯಾದ ಮೇಲೆ ವಾಪಸು ಬರುವುದಿಲ್ಲ. ತಣ್ಣಗಿದ್ದಾಗ ಪರೀಕ್ಷೆ ಮಾಡಿದರೆ ಇದು ಸಿಕ್ಕಿಬೀಳದೇ ಹೋಗಬಹುದು. ಗಾಡಿ ಮತ್ತೆ ರಿಕವರಿ ವ್ಯಾನ್ ಹತ್ತಿತು. ಹೋಸುಗಳೆಲ್ಲ ಹೊಸದು ಹಾಕಿ, ಹಳೇ ಆಯಿಲ್ ಪೂರ್ತಿ ಚೆಲ್ಲಿ, ಅದೇ ರಸ್ತೆಯಲ್ಲಿ ಸಾದಹಳ್ಳಿ ಟೋಲ್‌ವರೆಗೆ ಹೋಗಿ ಬಂದು ನಾಲ್ಕೂ ಚಕ್ರ ಮುಟ್ಟಿ ನೋಡಿದೆ.

ಮೊದಲ ಬಾಡಿಗೆ ಘಾಟಿ ಸುಬ್ರಹ್ಮಣ್ಯಕ್ಕೆ ಬಂತು. ಈಗ ವಾರಕ್ಕೆ ಇಷ್ಟು ಅಂತ ಕೆಲಸ ಇದೆ. ನಿಂತ ಗಾಡಿ ಕೊಳ್ಳುವವರು ಕೇಳಿದರೆ ಬ್ರೇಕ್ ಹೋಸ್ ನೋಡಿ ಅಂತ ಹೇಳುವುದಿಲ್ಲ, ನೋಡದೆಯೇ ಬದಲಿಸಿ ಅನ್ನುತ್ತೇನೆ. ಒಡವೆಯಲ್ಲಿ ಬಳೆ ಬಿಡಿಸಿದ್ದೇವೆ, ಸರ ಇನ್ನೂ ಬ್ಯಾಂಕಿನಲ್ಲಿದೆ.